ಸಾವಿನ ಲೆಕ್ಕ ಮತ್ತು ಲೈನ್ ಮನೆ

ಕೋವಿಡ್ ಸಾವಿನ ಪ್ರಮಾಣವನ್ನು ದೇಶವಾರು ಜೋಡಿಸಿದ ಪಟ್ಟಿಗಳಲ್ಲಿ ಹಲವು ಶ್ರೀಮಂತ ರಾಷ್ಟ್ರಗಳು ಮೇಲಿದ್ದವು, ಬಡ ರಾಷ್ಟ್ರಗಳು ಕೆಳಗಿದ್ದವು. ವೃದ್ಧರು ಹೆಚ್ಚಿರುವ ಕಡೆ ಸಾವು ಹೆಚ್ಚುವುದು ಸಹಜವೇ. ಆದರೆ ಸೋಂಕು ಬಡವರ ಮೇಲೆ ಕರುಣೆ ತೋರಿತೆಂದು ಇದರಿಂದ ತೀರ್ಮಾನಿಸುವವರು ಆಲ್ದೂರಿನ ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಗಳನ್ನೊಮ್ಮೆ ನೋಡಬೇಕೆಂಬುದು ನನ್ನ ಕೋರಿಕೆ.

ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2020 ಮತ್ತು 2021ರಲ್ಲಿ ಜಗತ್ತಿನಲ್ಲಿ ಹೆಚ್ಚುವರಿಯಾಗಿ ಸತ್ತವರು 1.49 ಕೋಟಿ. ಇವರಲ್ಲಿ ಶೇ 81ರಷ್ಟು ಮಂದಿ ಮಧ್ಯಮ ಆದಾಯದ ದೇಶಗಳವರು. ಶ್ರೀಮಂತ ದೇಶಗಳ ಪಾಲು ಶೇ 15 ಮಾತ್ರ. ಭಾರತದ ಅಂದಾಜು 47 ಲಕ್ಷ, ಅಧಿಕೃತ ಲೆಕ್ಕ 4.8 ಲಕ್ಷ. ಲೆಕ್ಕ ಹಾಕಿದ ವಿಧಾನವೇ ಸರಿಯಿಲ್ಲವೆಂದು ಕೇಂದ್ರ ಸರ್ಕಾರ ಅದನ್ನು ತಳ್ಳಿಹಾಕಿತು. ಆದರೆ 2025ರಲ್ಲಿ ಹೊರಬಂದ ಸರ್ಕಾರದ್ದೇ ನೋಂದಣಿ ವರದಿಯಂತೆ, 2020ರಲ್ಲಿ 81 ಲಕ್ಷವಿದ್ದ ನೋಂದಾಯಿತ ಸಾವುಗಳು 2021ರಲ್ಲಿ 1.02 ಕೋಟಿಗೆ ಏರಿದ್ದವು. ನೋಂದಣಿ ಸುಧಾರಿಸಿದ್ದೂ ಇದಕ್ಕೆ ಸ್ವಲ್ಪಮಟ್ಟಿಗೆ ಕಾರಣವಿರಬಹುದು. ಒಂದೇ ವರ್ಷದಲ್ಲಿ ಅಷ್ಟೊಂದು ಸುಧಾರಿಸಿತೆಂದು ನಂಬುವುದು ಕಷ್ಟ.

ಬಡತನಕ್ಕೂ ಸಾವಿಗೂ ಇರುವ ನಂಟು ಹೊಸದಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ಮುಂಬೈ ನಗರದ ಕೆಳಜಾತಿಗಳವರ ಸಾವಿನ ಪ್ರಮಾಣ ಸಾವಿರಕ್ಕೆ 61.6 ಇದ್ದರೆ, ಯುರೋಪಿಯನ್ನರದು 8.3. ಅಂದಿನ ವಸಾಹತು ಆಡಳಿತ ಜಾತಿವಾರು ಬರೆದಿಟ್ಟದ್ದರಿಂದ ನಮಗಿದು ಗೊತ್ತಾಗಿದೆ. ನೂರು ವರ್ಷಗಳ ನಂತರದ ಕೋವಿಡ್ ಬುಲೆಟಿನ್‌ಗಳಲ್ಲಿ ವಯಸ್ಸು, ಲಿಂಗ, ಜಿಲ್ಲೆ ಇದ್ದವು. ಸತ್ತವರ ಕಸುಬು, ಆದಾಯ ಇರಲಿಲ್ಲ.

ಮಲೆನಾಡಿನ ಪರಿಸ್ಥಿತಿ ಇನ್ನೂ ತೊಡಕಿನದು. 2020ರ ಏಪ್ರಿಲ್‌ನಲ್ಲಿ ಅರ್ಧದಷ್ಟು ಕಾರ್ಮಿಕರೊಂದಿಗೆ ತೋಟದ ಕೆಲಸಕ್ಕೆ ಅನುಮತಿ ದೊರೆಯಿತು. ಒಂದೇ ಗೋಡೆಗೆ ಅಂಟಿಕೊಂಡ ಲೈನ್ ಮನೆಗಳಲ್ಲಿ ಅಂತರ ಕಾಯ್ದುಕೊಳ್ಳುವ ಬಗೆಯಾದರೂ ಹೇಗೆ? ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರಿಗೆ ವಹಿಸಿತ್ತು; ಆದರೆ ಸಣ್ಣ ಬೆಳೆಗಾರರ ತೋಟಗಳು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಎರಡನೇ ಅಲೆಯ ಹೊತ್ತಿಗೆ ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇನ್ನೂ ಆರಂಭವಾಗಿರಲಿಲ್ಲ. ಹಾಸನಕ್ಕೋ ಘಟ್ಟ ಇಳಿದು ಮಂಗಳೂರಿಗೋ ಹೋಗಲು ವಾಹನವಿದ್ದವರು ಹೋದರು. 2021ರ ಮೇ ತಿಂಗಳ ಬಹುಭಾಗ 18ರಿಂದ 44 ವಯಸ್ಸಿನವರು ಲಸಿಕೆಗೆ ಆನ್‌ಲೈನ್‌ನಲ್ಲೇ ಸಮಯ ಕಾಯ್ದಿರಿಸಬೇಕಿತ್ತು. ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಊರುಗಳಿಗೆ ಇದೆಂಥ ನಿಯಮವೋ!

ಇನ್ನು ಲೆಕ್ಕದ ಮಾತು. ಸಾವು ನೋಂದಣಿಯಾಗುವುದು ಸತ್ತ ಸ್ಥಳದಲ್ಲಿ. ಆಲ್ದೂರಿನವರು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಅದು ಮಂಗಳೂರಿನ ಪುಸ್ತಕ ಸೇರುತ್ತದೆ. ಲೈನ್ ಮನೆಯಲ್ಲೇ ಸತ್ತವರು ಊರಿನ ಪುಸ್ತಕಕ್ಕೆ ಸೇರಿದರೂ, ಕಾರಣದ ಅಂಕಣದಲ್ಲಿ ‘ಜ್ವರ’ ಎಂದೋ ‘ಉಬ್ಬಸ’ ಎಂದೋ ಬರೆಸಿದರೆ ಮುಗಿಯಿತು. ದೇಶದಲ್ಲಿ 2021ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಸುಮಾರು ಶೇ 23ರಷ್ಟನ್ನು ಮಾತ್ರ. ಹೀಗಿರುವಾಗ ಜಿಲ್ಲೆ-ಜಿಲ್ಲೆಗಳ ಸಾವಿನ ಪ್ರಮಾಣವನ್ನು ಹೋಲಿಸಿ ‘ಇಲ್ಲಿ ಕಡಿಮೆ, ಅಲ್ಲಿ ಹೆಚ್ಚು’ ಎಂದಾಗ ನಾವು ಅಳೆಯುತ್ತಿರುವುದು ರೋಗವನ್ನೋ ಆಸ್ಪತ್ರೆಯ ದೂರವನ್ನೋ?

ಈ ಅಂಕಣ ಖಾಲಿ ಉಳಿದದ್ದಕ್ಕೆ ಬೆಲೆಯೂ ಇತ್ತು. ಸುಪ್ರೀಂ ಕೋರ್ಟ್ ಒಪ್ಪಿದ 50 ಸಾವಿರ ರೂಪಾಯಿ ಪರಿಹಾರಕ್ಕೂ, ಬಿಪಿಎಲ್ ಕುಟುಂಬಗಳಿಗೆ ರಾಜ್ಯ ಪ್ರಕಟಿಸಿದ 1 ಲಕ್ಷ ರೂಪಾಯಿಗೂ ಸಾವು ಕೋವಿಡ್‌ನಿಂದಲೇ ಆಯಿತೆಂಬ ದಾಖಲೆ ಬೇಕಿತ್ತು. ಪರೀಕ್ಷೆಯೇ ಆಗದೆ ಸತ್ತವರ ಮನೆಯವರು ಅದನ್ನು ತರುವುದೆಲ್ಲಿಂದ?

2023ರ ತಿದ್ದುಪಡಿಯು ಎಲ್ಲ ಆಸ್ಪತ್ರೆಗಳೂ ಮರಣದ ಕಾರಣವನ್ನು ಪ್ರಮಾಣೀಕರಿಸಬೇಕೆಂದು ವಿಧಿಸಿದೆ. ಒಳ್ಳೆಯದೇ, ಆದರೆ ವೈದ್ಯರನ್ನೇ ಕಾಣದೆ ಮನೆಯಲ್ಲಿ ಸತ್ತವರಿಗೆ ಅದರಿಂದೇನೂ ಆಗದು. ರೋಗಲಕ್ಷಣಗಳನ್ನು ಮನೆಯವರಿಂದ ಕೇಳಿ ಕಾರಣ ನಿರ್ಧರಿಸುವ ವಿಧಾನವನ್ನು ಮಾದರಿ ನೋಂದಣಿ ಪದ್ಧತಿಯಲ್ಲಿ ಆಯ್ದ ಕಡೆಗಳಲ್ಲಿ ಬಳಸಲಾಗುತ್ತಿದೆ. ಅದನ್ನು ಪ್ರತಿ ಮನೆ-ಸಾವಿಗೂ ವಿಸ್ತರಿಸಿ, ಆಶಾ ಕಾರ್ಯಕರ್ತೆಯರಿಗೆ ತಕ್ಕ ಸಂಭಾವನೆ ಕೊಟ್ಟು, ಮೊದಲು ಕಾಫಿ ತೋಟಗಳ ಹೋಬಳಿಗಳಲ್ಲಿ ಜಾರಿಗೆ ತರಬಹುದು. ಅಸ್ಸಾಮಿನಿಂದ ಬಂದ ಕುಟುಂಬವಾದರೆ ಆ ಭಾಷೆ ಬಲ್ಲವರೊಬ್ಬರು ಜೊತೆಗಿರಬೇಕಾದೀತು. ಯಾರು ಯಾವತ್ತಿನಿಂದ ಕೆಲಸಕ್ಕೆ ಬಂದಿಲ್ಲವೆಂಬುದು ಹೇಗೂ ತೋಟದ ರೈಟರ್‌ನ ಹಾಜರಿ ಪುಸ್ತಕದಲ್ಲಿರುತ್ತದೆ.