ಕಳೆದುದನ್ನು ಕಾಯ್ದ ಕೈಪಿಡಿಗಳು

ದೂರದರ್ಶನದ ಧಾರಾವಾಹಿಗಳನ್ನು ನೋಡುತ್ತ ಕುಳಿತಿರುವುದೇ ಕಾಲಹರಣವೆಂದು ಎಣಿಸುವ ಹಿರಿಯರು ನಮ್ಮಲ್ಲಿ ಅನೇಕರುಂಟು. ಇಂತಹವರ ಮುಂದೆ, ಒಂದು ಧಾರಾವಾಹಿಯ ಯಾವ ಕಂತು ಯಾವ ದಿನ ಪ್ರಸಾರವಾಯಿತು, ಅದನ್ನು ಬರೆದವರು ಯಾರು, ಅದರಲ್ಲಿ ಎರಡೇ ಮಾತನ್ನಾಡಿ ಮರೆಯಾದ ಕಾವಲುಗಾರನ ಪಾತ್ರವನ್ನು ವಹಿಸಿದವರು ಯಾರು, ಎಂಬುದನ್ನೆಲ್ಲ ಸಂಗ್ರಹಿಸಿ ದಪ್ಪನೆಯ ಗ್ರಂಥಗಳನ್ನು ರಚಿಸುವವರೂ ಲೋಕದಲ್ಲಿರುವರೆಂದು ಹೇಳಿದರೆ, ಅವರು ನಕ್ಕುಬಿಡುವರು. ನಗಲಿ. ಆದರೆ ನಕ್ಕು ಮುಗಿದ ಮೇಲೆ ಈ ತಿಂಗಳ ನಮ್ಮ ನಾಲ್ಕು ಮಾತುಗಳನ್ನು ಸಾವಧಾನದಿಂದ ಓದಬೇಕೆಂದು ನಮ್ಮ ಪ್ರಾರ್ಥನೆ. ಏಕೆಂದರೆ, ಹಗುರವೆಂದು ತೋರುವ ಈ ಪುಸ್ತಕಗಳು, ದೊಡ್ಡ ಸಂಸ್ಥೆಯೊಂದು ಅಲಕ್ಷ್ಯಮಾಡಿದ ಕಾರ್ಯವನ್ನು ತಾವು ವಹಿಸಿಕೊಂಡು ನಡೆಸಿದುವು. ಅದನ್ನು ಅವು ಹೇಗೆ ನಡೆಸಿದುವು, ಎಲ್ಲಿ ಎಡವಿದುವು ಎಂಬುದರಲ್ಲಿ ಗೃಹಸ್ಥರಾದ ನಾವು ಕಲಿಯತಕ್ಕದ್ದುಂಟು.

ಇಂಗ್ಲೆಂಡ್ ಅಮೆರಿಕಗಳಲ್ಲಿ ಈ ಬಗೆಯ ಪುಸ್ತಕಕ್ಕೆ ‘ಕಂಪ್ಯಾನಿಯನ್’ ಎಂದು ಹೆಸರು. ಒಡನಾಡಿ ಎಂದು ಅದರ ಅರ್ಥ. ಎಲ್ಲ ಧಾರಾವಾಹಿಗಳಿಗೂ ಇಂತಹ ಒಡನಾಡಿಗಳು ಹುಟ್ಟುವುದಿಲ್ಲ. ಪ್ರಸಾರವು ನಿಂತು ಎಷ್ಟೋ ವರ್ಷಗಳಾದರೂ ಯಾವುದನ್ನು ಒಂದು ಭಕ್ತವೃಂದವು ಬಿಡದೆ ನೆನೆಯುತ್ತಿರುವುದೋ ಅದಕ್ಕೆ ಮಾತ್ರ ಹುಟ್ಟುತ್ತವೆ. ಇವುಗಳ ಕ್ರಮವು ಸಂಸ್ಕೃತವನ್ನು ಓದಿದವರಿಗೆ ಹೊಸದೇನೂ ಅಲ್ಲ. ಕಾತ್ಯಾಯನನ ಸರ್ವಾನುಕ್ರಮಣಿಯು ಋಗ್ವೇದದ ಪ್ರತಿಯೊಂದು ಸೂಕ್ತಕ್ಕೂ ಆದಿಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವುಗಳನ್ನು ಸಂಕ್ಷೇಪವಾಗಿ ಹೇಳುತ್ತದೆ. ವೇದಕ್ಕೂ ಧಾರಾವಾಹಿಗೂ ಎತ್ತಣ ಸಾಟಿ ಎಂದು ಯಾರೂ ಕೋಪಿಸಿಕೊಳ್ಳಬಾರದು. ನಾವು ಹೋಲಿಸುತ್ತಿರುವುದು ವಸ್ತುವನ್ನಲ್ಲ, ವಿಧಾನವನ್ನು. ಒಂದನ್ನು ಕಳೆದುಕೊಳ್ಳಬಾರದೆಂದು ಮನುಷ್ಯನು ನಿಶ್ಚಯಿಸಿದಾಗ ಅವನು ಮಾಡುವ ಮೊದಲನೆಯ ಕೆಲಸವೆಂದರೆ ಪಟ್ಟಿಯನ್ನು ಬರೆಯುವುದು.

ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿಯನ್ನು ಮೊದಲು ನೋಡೋಣ. ನಕ್ಷತ್ರಲೋಕಗಳಲ್ಲಿ ಸಂಚರಿಸುವ ಹಡಗೊಂದರ ಕಥೆಯಾದ ಇದು ೧೯೬೬ರಿಂದ ೧೯೬೯ರವರೆಗೆ ೭೯ ಕಂತುಗಳಲ್ಲಿ ಪ್ರಸಾರವಾಯಿತು. ಅದು ನಡೆಯುತ್ತಿದ್ದಾಗಲೇ, ೧೯೬೮ರಲ್ಲಿ, ಸ್ಟೀಫನ್ ವಿಟ್‌ಫೀಲ್ಡ್ ಎಂಬವರು ಅದರ ಕರ್ತೃವಾದ ಜೀನ್ ರಾಡೆನ್‌ಬೆರಿಯವರೊಡನೆ ಸೇರಿ ‘ದಿ ಮೇಕಿಂಗ್ ಆಫ್ ಸ್ಟಾರ್ ಟ್ರೆಕ್’ ಎಂಬ ಪುಸ್ತಕವನ್ನು ಪ್ರಕಟಿಸಿ, ಇಂತಹ ಕಾರ್ಯಕ್ರಮವು ಹೇಗೆ ತಯಾರಾಗುವುದೆಂಬುದನ್ನು ವಿವರಿಸಿದರು. ಇದು ಒಳಗಿದ್ದವರು ಬರೆದುದಾಯಿತು. ಹೊರಗಿನವರು ಬರೆದುದು ಇನ್ನೂ ಸ್ವಾರಸ್ಯವಾಗಿದೆ. ಬೀಜೋ ಟ್ರಿಂಬಲ್ ಎಂಬ ಮಹಿಳೆಯು, ಧಾರಾವಾಹಿಯನ್ನು ನಿಲ್ಲಿಸಬಾರದೆಂದು ಪತ್ರಗಳ ಮಳೆಯನ್ನೇ ಸುರಿಸಿದ ಪ್ರೇಕ್ಷಕರಿಗೆ ಪತಿಯೊಡನೆ ಮುಂದಾಳಾಗಿದ್ದವಳು. ಆಕೆ ೧೯೬೯ರಲ್ಲಿ, ಮೊದಲ ಎರಡು ವರ್ಷಗಳ ಕಂತುಗಳಲ್ಲಿ ಬರುವ ವ್ಯಕ್ತಿಗಳು, ಗ್ರಹಗಳು, ಹಡಗುಗಳು ಮೊದಲಾದುವನ್ನು ಅಕಾರಾದಿಯಾಗಿ ಜೋಡಿಸಿ, ತನ್ನ ಖರ್ಚಿನಿಂದಲೇ ‘ಕನ್‌ಕಾರ್ಡೆನ್ಸ್’ ಎಂಬ ಪದಕೋಶವನ್ನು ಹೊರತಂದಳು. ೧೯೭೬ರಲ್ಲಿ ದೊಡ್ಡ ಪ್ರಕಾಶಕರು ಅದನ್ನೇ ಎಲ್ಲ ಕಂತುಗಳಿಗೂ ವಿಸ್ತರಿಸಿ ಅಚ್ಚುಮಾಡಿದರು. ಮನೆಯಲ್ಲಿ ಚಿತ್ರವನ್ನು ಹಿಡಿದಿಟ್ಟುಕೊಳ್ಳುವ ಯಂತ್ರವು ಸಾಮಾನ್ಯರ ಕೈಗೆ ಇನ್ನೂ ಬಂದಿಲ್ಲದ ಕಾಲವದು. ಕಂಡುದನ್ನು ಕಿವಿಗೊಟ್ಟು ಕೇಳಿ, ಕೂಡಲೆ ಬರೆದಿಟ್ಟುಕೊಳ್ಳಬೇಕಾಗಿತ್ತು.

‘ಟ್ವೈಲೈಟ್ ಜೋನ್’ ಎಂಬುದು ಮತ್ತೊಂದು. ೧೯೫೯ರಿಂದ ೧೯೬೪ರವರೆಗೆ ೧೫೬ ಬಿಡಿ ಕಥೆಗಳಾಗಿ ಬಂದ ಈ ಮಾಲೆಯಲ್ಲಿ ೯೨ ಕಥೆಗಳನ್ನು ಅದರ ಕರ್ತೃವಾದ ರಾಡ್ ಸರ್ಲಿಂಗ್ ಒಬ್ಬರೇ ರೂಪಕವಾಗಿ ಬರೆದುಕೊಟ್ಟರು. ಅವರು ೧೯೭೫ರಲ್ಲಿ ತೀರಿಕೊಂಡರು. ಆಮೇಲೆ ಮಾರ್ಕ್ ಸ್ಕಾಟ್ ಜಿಕ್ರಿ ಎಂಬ ತರುಣರು, ಅದರಲ್ಲಿ ದುಡಿದು ಇನ್ನೂ ಬದುಕಿದ್ದ ಲೇಖಕರು, ನಿರ್ದೇಶಕರು, ನಟರು ಇವರನ್ನು ಕಂಡು ಮಾತನಾಡಿ, ೧೯೮೨ರಲ್ಲಿ ‘ಟ್ವೈಲೈಟ್ ಜೋನ್ ಕಂಪ್ಯಾನಿಯನ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅಂದು ಕೇಳಿ ಬರೆದುಕೊಳ್ಳದೆ ಹೋಗಿದ್ದರೆ ಆ ಹಿರಿಯರೊಡನೆಯೇ ಎಷ್ಟೋ ಸಂಗತಿಗಳು ಹೋಗುತ್ತಿದ್ದುವು.

ಇಷ್ಟರವರೆಗೆ ಹೇಳಿದುವುಗಳಲ್ಲಿ ಮೂಲವು ಸುರಕ್ಷಿತವಾಗಿ ಉಳಿದಿದೆ. ಮೂಲವೇ ನಾಶವಾದರೆ ಕೈಪಿಡಿಯ ಗತಿಯೇನು? ಇದಕ್ಕೆ ಇಂಗ್ಲೆಂಡಿನ ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯೇ ದೊಡ್ಡ ನಿದರ್ಶನ. ಪೋಲೀಸರ ಟೆಲಿಫೋನ್ ಪೆಟ್ಟಿಗೆಯ ರೂಪದ ವಾಹನದಲ್ಲಿ ಕುಳಿತು ಭೂತಭವಿಷ್ಯತ್ತುಗಳಲ್ಲಿ ಸಂಚರಿಸುವ, ಒಂದು ಶರೀರವು ಜೀರ್ಣವಾದೊಡನೆ ಮತ್ತೊಂದನ್ನು ಧರಿಸುವ ಒಬ್ಬ ಪ್ರವಾಸಿಯ ಕಥೆಯಿದು. ೧೯೬೩ನೆಯ ನವಂಬರ್ ೨೩ರಂದು ಬಿ. ಬಿ. ಸಿ. ಯವರು ಇದನ್ನು ಆರಂಭಿಸಿದರು. ೧೯೮೯ರಲ್ಲಿ ನಿಂತ ಇದು ೨೦೦೫ರಲ್ಲಿ ಮರಳಿ ಪ್ರಾರಂಭವಾಯಿತು. ಮೊದಲ ಆರು ವರ್ಷಗಳಲ್ಲಿ ೨೫೩ ಕಂತುಗಳು ಪ್ರಸಾರವಾದುವು. ಆ ಕಾಲದಲ್ಲಿ ಟೇಪಿನ ಬೆಲೆ ಬಲು ಹೆಚ್ಚು. ಒಂದನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ಮುದ್ರಿಸುವುದು ವಾಡಿಕೆ. ನಟರೊಡನೆ ಆಗಿದ್ದ ಒಪ್ಪಂದಗಳಿಂದ ಮರುಪ್ರಸಾರಕ್ಕೂ ಮಿತಿಯಿತ್ತು. ವರ್ಣಚಿತ್ರವು ಬಂದ ಮೇಲೆ ಕಪ್ಪು ಬಿಳುಪಿನ ಕಾರ್ಯಕ್ರಮಗಳನ್ನು ಕೊಳ್ಳುವವರೂ ಕಡಮೆಯಾದರು. ಆದಕಾರಣ ಟೇಪುಗಳನ್ನು ಅಳಿಸಿದರು. ಹೊರದೇಶಗಳಿಗೆ ಮಾರಲೆಂದು ತೆಗೆದಿದ್ದ ಫಿಲಂ ಪ್ರತಿಗಳನ್ನೂ ನಾಶಮಾಡಿದರು. ೧೯೭೮ರಲ್ಲಿ ಈ ಪದ್ಧತಿಯು ನಿಲ್ಲುವ ಹೊತ್ತಿಗೆ ಆಗಬೇಕಾದ ನಷ್ಟವು ಆಗಿಹೋಗಿತ್ತು. ಅಲ್ಲಿಂದ ಮುಂದೆ ಹುಡುಕಾಟ. ಎರಡು ಕಂತುಗಳು ೧೯೮೩ರಲ್ಲಿ ಲಂಡನ್ನಿನ ಒಂದು ಚರ್ಚಿನಲ್ಲಿ ದೊರೆತುವು. ಇನ್ನು ಒಂಬತ್ತು ಕಂತುಗಳು ಆಫ್ರಿಕದ ನೈಜೀರಿಯ ದೇಶದಲ್ಲಿ ದೊರೆತು, ೨೦೧೩ರಲ್ಲಿ ಪ್ರಕಟವಾದುವು. ಇಷ್ಟಾದರೂ ಆ ವರ್ಷದ ಕೊನೆಗೆ ೯೭ ಕಂತುಗಳು ಕಾಣದೆಯೇ ಇದ್ದುವು.

ಕೈಪಿಡಿಗಳ ಬೆಲೆ ತಿಳಿಯುವುದು ಇಲ್ಲಿಯೇ. ಟೇಪುಗಳು ಇನ್ನೂ ಅಳಿಯುತ್ತಿದ್ದ ಕಾಲದಲ್ಲಿಯೇ, ೧೯೭೨ರಲ್ಲಿ, ಆ ಧಾರಾವಾಹಿಗಾಗಿ ಬರೆಯುತ್ತಿದ್ದ ಮಾಲ್ಕಮ್ ಹಲ್ಕ್ ಮತ್ತು ಟೆರೆನ್ಸ್ ಡಿಕ್ಸ್ ಎಂಬಿಬ್ಬರು ‘ದಿ ಮೇಕಿಂಗ್ ಆಫ್ ಡಾಕ್ಟರ್ ಹೂ’ ಎಂಬ ಸಣ್ಣ ಪುಸ್ತಕವನ್ನು ಮಕ್ಕಳಿಗಾಗಿ ಬರೆದರು. ೧೯೮೧ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಝಾಂ-ಮಾರ್ಕ್ ಲೊಫಿಸಿಯೆ ಎಂಬವರ ‘ಪ್ರೋಗ್ರಾಂ ಗೈಡ್’ ಎರಡು ಸಂಪುಟಗಳಲ್ಲಿ ಬಂದಿತು. ಒಂದರಲ್ಲಿ ಕಥೆಗಳ ಮತ್ತು ಪಾತ್ರಧಾರಿಗಳ ಪಟ್ಟಿ, ಇನ್ನೊಂದರಲ್ಲಿ ವ್ಯಕ್ತಿಸ್ಥಳಗಳ ಅಕಾರಾದಿ. ಯಾವ ಕಥೆಯಲ್ಲಿ ಎಷ್ಟು ಕಂತುಗಳಿದ್ದುವು, ಯಾವುದು ಉಳಿದಿಲ್ಲ ಎಂಬ ಲೆಕ್ಕವು ತಿಳಿಯದಿದ್ದರೆ ಹುಡುಕುವುದಾದರೂ ಹೇಗೆ? ಏನು ಕಳೆಯಿತೆಂದು ಬಲ್ಲವನಿಗಲ್ಲವೆ ಸಿಕ್ಕಿದುದರ ಗುರುತು ಹತ್ತುವುದು?

ಇನ್ನು ಅವು ಎಡವಿದ ಬಗೆಯನ್ನು ಹೇಳಬೇಕು. ನಮ್ಮ ತಾರ್ಕಿಕರು ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿರುವರಷ್ಟೆ. ಕಳೆದುಹೋದ ಕಂತನ್ನು ಕುರಿತು ಬರೆಯುವವನಿಗೆ ಪ್ರತ್ಯಕ್ಷವಿಲ್ಲ. ಶಬ್ದವೇನೋ ಉಂಟು, ಅದೂ ಅಕ್ಷರಾರ್ಥದಲ್ಲಿಯೇ: ಕೆಲವು ಪ್ರೇಕ್ಷಕರು ತಮ್ಮ ಮನೆಗಳಲ್ಲಿ ಟೇಪ್ ರಿಕಾರ್ಡರನ್ನು ಮುಂದಿಟ್ಟುಕೊಂಡು ಧ್ವನಿಯನ್ನು ಹಿಡಿದಿಟ್ಟಿದ್ದರಿಂದ, ಕಳೆದ ಕಂತುಗಳೆಲ್ಲದರ ಧ್ವನಿಯೂ ಇಂದು ಉಳಿದಿದೆ. ಜಾನ್ ಕ್ಯೂರ ಎಂಬ ಛಾಯಾಗ್ರಾಹಕರು ಪ್ರಸಾರವಾಗುತ್ತಿದ್ದಾಗಲೇ ತೆರೆಯಿಂದ ತೆಗೆದ ನಿಶ್ಚಲಚಿತ್ರಗಳು ಅನೇಕ ಕಂತುಗಳಿಗೆ ದೊರೆಯುತ್ತವೆ. ಉಳಿದುದು ಅನುಮಾನ, ಇಲ್ಲವೆ ಬಾಲ್ಯದಲ್ಲಿ ಕಂಡವರ ನೆನಪು. ಒಳ್ಳೆಯ ಕೈಪಿಡಿಯು ಇದು ಕಂಡುದು, ಇದು ಕೇಳಿದುದು, ಇದು ಊಹಿಸಿದುದು ಎಂದು ಬೇರೆ ಬೇರೆ ಹೇಳುವುದು. ಹಾಗೆ ಹೇಳದೆಡೆಯಲ್ಲಿ ಊಹೆಯೇ ಪುಸ್ತಕದಿಂದ ಪುಸ್ತಕಕ್ಕೆ ಹರಿದು ಪ್ರತ್ಯಕ್ಷದ ವೇಷವನ್ನು ಹಾಕುವುದು.

ನಿದರ್ಶನಕ್ಕೆ ಎರಡು ಕಥೆಗಳನ್ನು ನೋಡಿರಿ. ೧೯೬೭ರ ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಎಂಬುದು ಕಳೆದುಹೋಗಿದ್ದಾಗ, ಅದಕ್ಕೆ ಮಿಗಿಲಾದುದಿಲ್ಲವೆಂಬ ಕೀರ್ತಿ ಹಬ್ಬಿತ್ತು. ೧೯೯೧ರಲ್ಲಿ ಅದರ ನಾಲ್ಕು ಕಂತುಗಳೂ ಹಾಂಗ್‌ಕಾಂಗಿನಲ್ಲಿ ದೊರೆತುವು. ನೋಡಿದವರಲ್ಲಿ ಮೆಚ್ಚಿದವರು ಬಹಳ. ಆದರೆ ಕೀರ್ತಿಯು ಹೇಳಿದಷ್ಟಿಲ್ಲವೆಂದು ನಿಟ್ಟುಸಿರಿಟ್ಟವರೂ ಉಂಟು. ಇದಕ್ಕೆ ವಿಪರೀತವಾದುದು ‘ದಿ ಎನಿಮಿ ಆಫ್ ದಿ ವರ್ಲ್ಡ್’. ಆರು ಕಂತುಗಳಲ್ಲಿ ಮೂರನೆಯದೊಂದೇ ಉಳಿದಿದ್ದಿತು. ಆ ಒಂದನ್ನು ನೋಡಿದವರು ಒಟ್ಟು ಕಥೆಯೇ ಸಪ್ಪೆಯೆಂದು ತೀರ್ಮಾನಿಸಿದ್ದರು. ೨೦೧೩ರಲ್ಲಿ ಉಳಿದ ಐದೂ ಬಂದಾಗ ಅದು ಆ ಕಾಲದ ಉತ್ತಮ ಕಥೆಗಳಲ್ಲೊಂದೆಂದು ಅನೇಕರು ಒಪ್ಪಿದರು. ಅಳಿದವರನ್ನು ಹೊಗಳುವುದರಲ್ಲಿಯೂ ತೆಗಳುವುದರಲ್ಲಿಯೂ ನಾವು ಎಷ್ಟು ಉದಾರರೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹೆಸರಿನ ವಿಷಯದಲ್ಲಿಯೂ ಹೀಗೆಯೇ. ೧೯೬೬ರ ನಡುವಿನವರೆಗೆ ಆ ಧಾರಾವಾಹಿಯಲ್ಲಿ ಪ್ರತಿಯೊಂದು ಕಂತಿಗೂ ಪ್ರತ್ಯೇಕವಾದ ಹೆಸರಿತ್ತೇ ಹೊರತು, ಹಲವು ಕಂತುಗಳ ಒಂದು ಕಥೆಗೆ ಒಟ್ಟಾದ ಹೆಸರು ತೆರೆಯ ಮೇಲೆ ಬರುತ್ತಿರಲಿಲ್ಲ. ೧೯೭೩ರಲ್ಲಿ ‘ರೇಡಿಯೋ ಟೈಮ್ಸ್’ ಪತ್ರಿಕೆಯವರು ದಶವಾರ್ಷಿಕ ಸಂಚಿಕೆಯನ್ನು ತಂದಾಗ, ಮೊದಲ ಕಂತಿನ ಹೆಸರನ್ನೇ ಕಥೆಯ ಹೆಸರಾಗಿ ಅಚ್ಚುಮಾಡಿದರು. ಮೊತ್ತಮೊದಲನೆಯ ಕಥೆಯನ್ನು ‘ಆನ್ ಅನ್‌ಅರ್ತ್ಲಿ ಚೈಲ್ಡ್’ ಎನ್ನಬೇಕೆ, ‘೧೦೦,೦೦೦ ಬಿ. ಸಿ.’ ಎನ್ನಬೇಕೆ ಎಂಬ ವಾದವು ಬಹುಕಾಲ ನಡೆಯಿತು. ‘ದಿ ಪ್ರಿಜನರ್’ ಎಂಬ ೧೯೬೭–೬೮ರ ಧಾರಾವಾಹಿಯಲ್ಲಿ ಕಂತುಗಳು ೧೭ ಮಾತ್ರ. ಆದರೂ ಚಿತ್ರೀಕರಿಸಿದ ಕ್ರಮ ಬೇರೆ, ಪ್ರಸಾರಮಾಡಿದ ಕ್ರಮ ಬೇರೆಯಾದುದರಿಂದ, ಯಾವುದರ ಹಿಂದೆ ಯಾವುದನ್ನು ನೋಡಬೇಕೆಂಬ ವಿವಾದವು ಅದಕ್ಕೂ ತಪ್ಪಲಿಲ್ಲ. ಅನುಕ್ರಮಣಿಕಾರನು ಬರಿಯ ಗುಮಾಸ್ತೆಯೆಂದು ತಿಳಿಯಬಾರದು. ಅವನು ಇಟ್ಟ ಹೆಸರು, ಹಾಕಿದ ಕ್ರಮ ಇವೇ ಮುಂದಿನವರಿಗೆ ಸತ್ಯವಾಗಿಬಿಡುವುವು. ಅಧಿಕಾರವು ದೊಡ್ಡದು, ಹೊಣೆಯೂ ಅಷ್ಟೇ ದೊಡ್ಡದು.

ಈಗ ಪಟ್ಟಿಗಳೆಲ್ಲ ಕಂಪ್ಯೂಟರಿನಲ್ಲಿಯೂ ಕೈಫೋನಿನಲ್ಲಿಯೂ ಕ್ಷಣದಲ್ಲಿ ದೊರೆಯುವಾಗ ಪುಸ್ತಕವೇಕೆ ಎಂದು ನಮ್ಮ ಮನೆಯ ಹುಡುಗರು ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದುದೇ. ದಿನಾಂಕಗಳಿಗಾಗಿ ಮಾತ್ರವಾದರೆ ಪುಸ್ತಕವು ಬೇಡ. ಆದರೆ ಪುಸ್ತಕಕ್ಕೆ ಕರ್ತೃವೊಬ್ಬನಿರುವನು; ತನ್ನ ಹೆಸರನ್ನು ಮುಖಪುಟದಲ್ಲಿಟ್ಟು, ಹೇಳಿದುದಕ್ಕೆ ತಾನೇ ಹೊಣೆಯಾಗುವನು. ಅಚ್ಚಾದ ತಪ್ಪು ಅಲ್ಲಿಯೇ ನಿಂತು, ಯಾರು ಯಾವಾಗ ಹೇಳಿದರೆಂಬುದಕ್ಕೆ ಗುರುತಾಗಿರುವುದು. ತಿದ್ದುವವನಿಗೆ ಅದು ದೊಡ್ಡ ಉಪಕಾರ.

ನಮ್ಮ ವಾಚಕರು ಧಾರಾವಾಹಿಗಳಿಗೆ ಕೈಪಿಡಿ ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಪ್ರತಿಯೊಂದು ಮನೆಯಲ್ಲಿಯೂ ಕಳೆದುಹೋಗತಕ್ಕ ಸಂಗತಿಗಳುಂಟು: ಅಜ್ಜಿಯು ಹೇಳುವ ಹಾಡುಗಳು, ಹಳೆಯ ಛಾಯಾಚಿತ್ರದಲ್ಲಿ ನಿಂತಿರುವ ನೆಂಟರ ಹೆಸರುಗಳು, ಹಬ್ಬದ ಅಡಿಗೆಯ ಅಳತೆಗಳು, ಪಾಲಾದ ಮನೆಯಲ್ಲಿ ಯಾರು ಯಾವ ಕೋಣೆಯಲ್ಲಿದ್ದರೆಂಬ ನೆನಪು. ಹೇಳಬಲ್ಲವರು ಇರುವಾಗಲೇ ಒಂದು ನಾಲ್ಕಾಣೆಯ ಪುಸ್ತಕದಷ್ಟಾದರೂ ಬರೆದಿಡಿರಿ. ಹಾಡಿನ ಕೆಳಗೆ ಹೇಳಿದವರ ಹೆಸರು, ಕೇಳಿದ ತಾರೀಖು ಇರಲಿ. ತಾವು ಕಂಡುದಾದರೆ ಕಂಡುದೆಂದೂ, ಕೇಳಿದುದಾದರೆ ಯಾರಿಂದ ಕೇಳಿದುದೆಂದೂ ಬರೆಯಿರಿ. ಸಂದೇಹವಿರುವಲ್ಲಿ ಸ್ವಲ್ಪ ಸ್ಥಳವನ್ನು ಬರಿದಾಗಿ ಬಿಡಿರಿ; ಅದನ್ನು ತುಂಬಬಲ್ಲವರು ಮುಂದೆ ಎಂದಾದರೂ ಬಂದಾರು.