ಸ್ವಂತ ಕೈಯ ಕಾರವಾನ್: ಕಟ್ಟಬಹುದು, ರಸ್ತೆಗಿಳಿಸಲಾಗದು

ಬೆಂಗಳೂರು: ಚಾಮರಾಜಪೇಟೆಗೆ ಕೂಗಳತೆಯ ದೂರದಲ್ಲಿರುವ ಜೆ.ಸಿ. ರಸ್ತೆ ಹಾಗೂ ಕಲಾಸಿಪಾಳ್ಯದ ಓಣಿಗಳಲ್ಲಿ ವಾಹನದ ಬಿಡಿಭಾಗಗಳಿಗೆ ಬರವಿಲ್ಲ. ಆಕ್ಸಲ್, ಲೀಫ್ ಸ್ಪ್ರಿಂಗ್, ಚಕ್ರ, ಹಿಂಬದಿಯ ದೀಪ ಎಲ್ಲವೂ ಅರ್ಧ ದಿನದ ಓಡಾಟದಲ್ಲಿ ಕೈಸೇರುತ್ತವೆ. ಆದರೂ ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಕಾರವಾನೊಂದನ್ನು ಸ್ವಂತಕ್ಕೆ ಕಟ್ಟಿಕೊಂಡವರು ಅದನ್ನು ಮನೆಯ ಗೇಟಿನಿಂದಾಚೆಗೆ ತರುವಂತಿಲ್ಲ. ಅಡ್ಡಿಯಿರುವುದು ತಂತ್ರಜ್ಞಾನದಲ್ಲಲ್ಲ, ನೋಂದಣಿಯಲ್ಲಿ.

ಅಮೆರಿಕದಲ್ಲಿ 'ಟಿಯರ್‌ಡ್ರಾಪ್' ಎಂದು ಕರೆಯಲಾಗುವ ಈ ಗಾಡಿ 1930ರ ದಶಕದಷ್ಟು ಹಳೆಯದು. ಮುಂದೆ ದುಂಡಗೆ, ಹಿಂದೆ ಇಳಿಜಾರಾಗಿ ನೀರಿನ ಹನಿಯನ್ನು ಹೋಲುವುದರಿಂದ ಈ ಹೆಸರು. ಒಳಗೆ ಇಬ್ಬರು ಮಲಗುವಷ್ಟು ಜಾಗ, ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆಯ ಕಟ್ಟೆ. ಅಲ್ಲಿ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುವ ಸರಕು ಟ್ರೇಲರನ್ನು ನಟ್ಟು-ಬೋಲ್ಟು ಬಿಗಿದು ಜೋಡಿಸಿ, ಅದರ ಮೇಲೆ ಪ್ಲೈವುಡ್ ಕೋಣೆ ಕಟ್ಟುತ್ತಾರೆ. ನಮ್ಮ ಅಂಗಡಿಗಳಲ್ಲೂ ಸಿಗುವ 8x4 ಅಡಿಯ ಹಾಳೆಯೇ ಅದರ ಅಳತೆಗೋಲು. ಸಿದ್ಧವಾದ ಗಾಡಿಯ ತೂಕ ಸುಮಾರು 400ರಿಂದ 500 ಕಿಲೊ. ಮನೆಯಲ್ಲಿ ತಯಾರಿಸಿದ ಟ್ರೇಲರನ್ನು ನೋಂದಾಯಿಸಲು ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಪ್ರತ್ಯೇಕ ವಿಧಾನವೇ ಇದೆ.

ನಮ್ಮ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೋಟಾರೇ ಇಲ್ಲದ ಟ್ರೇಲರ್ ಕೂಡ 'ಮೋಟಾರು ವಾಹನ'. ಆದ್ದರಿಂದ ಅದಕ್ಕೆ ನೋಂದಣಿಯೂ ಬೇಕು, ವಿಮೆಯೂ ಬೇಕು. ಆದರೆ 1989ರ ಕೇಂದ್ರ ನಿಯಮಗಳ 47ನೇ ನಿಯಮ ಅರ್ಜಿಯೊಂದಿಗೆ ಕೇಳುವುದು ಮಾರಾಟ ಪ್ರಮಾಣಪತ್ರವನ್ನು ಮತ್ತು ತಯಾರಕರು ಅಥವಾ ಬಾಡಿ ಕಟ್ಟುವವರು ನೀಡುವ ಸಂಚಾರಯೋಗ್ಯತಾ ಪತ್ರವನ್ನು. ತನಗಾಗಿ ತಾನೇ ಕಟ್ಟಿಕೊಂಡವನಿಗೆ ಮಾರಿದವರಾರು? ಕಾರಿಗೆ ಕೊಂಡಿ ಬೆಸೆಯುವುದೂ ನಿರಾತಂಕವಲ್ಲ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಡೊಂದಕ್ಕೆ 5,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ನೀಡಿದೆ.

ಈ ಬಿಗಿ ಅಕಾರಣವೇನಲ್ಲ. ಟ್ರೇಲರಿನ ಭಾರ ಹಿಂದಕ್ಕೆ ವಾಲಿದ್ದರೆ ವೇಗ ಹೆಚ್ಚಿದಂತೆ ಅದು ಹಾವಿನಂತೆ ಹೊರಳಾಡಿ ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಒಟ್ಟು ತೂಕದ ಹತ್ತನೇ ಒಂದರಷ್ಟಾದರೂ ಕೊಂಡಿಯ ಮೇಲೆ ಬೀಳಬೇಕೆಂಬುದು ಅನುಭವಿಗಳ ಲೆಕ್ಕ. ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಈ ಲೆಕ್ಕ ತಪ್ಪಿದರೆ ಪರಿಣಾಮ ಊಹಿಸಬಹುದು. ಆದರೆ ಜಿಲ್ಲೆಗಳಲ್ಲಿ ಸಣ್ಣ ವರ್ಕ್‌ಶಾಪುಗಳು ತಯಾರಿಸಿದ ಟ್ರ್ಯಾಕ್ಟರ್ ಟ್ರೇಲರುಗಳು ಹಿಂಬದಿ ದೀಪವೂ ಇಲ್ಲದೆ, ಟನ್ನುಗಟ್ಟಲೆ ಕಬ್ಬು ಹೊತ್ತು ರಾತ್ರಿ ಹೆದ್ದಾರಿಗಿಳಿಯುವುದನ್ನು ಸಹಿಸಿಕೊಂಡಿರುವ ವ್ಯವಸ್ಥೆ ಇದು. ಸುರಕ್ಷತೆಯ ಮಾತು ಇಲ್ಲಿ ಅರ್ಧ ಮಾತ್ರ ಒಪ್ಪುವಂಥದ್ದು.

ಇತ್ತ ಸರಕಾರಗಳು ಕಾರವಾನ್ ಪ್ರವಾಸೋದ್ಯಮದ ಬಗ್ಗೆ ಉತ್ಸಾಹ ತೋರುತ್ತಲೇ ಇವೆ. ಕೇರಳ 2021ರಲ್ಲಿ ಪ್ರಕಟಿಸಿದ ನೀತಿಯಲ್ಲಿ ಮೊದಲ ನೂರು ಹೂಡಿಕೆದಾರರಿಗೆ 7.5 ಲಕ್ಷ ರೂ. ಅಥವಾ ಹೂಡಿಕೆಯ ಶೇ. 15, ಇವುಗಳಲ್ಲಿ ಕಡಿಮೆಯಾದಷ್ಟು ಸಹಾಯಧನದ ಭರವಸೆಯಿತ್ತು. ಗರಿಷ್ಠ ಮೊತ್ತ ದಕ್ಕಬೇಕಾದರೆ ವಾಹನದ ಬೆಲೆ 50 ಲಕ್ಷ ಇರಬೇಕು! ಮಧ್ಯಮ ವರ್ಗದ ಕುಟುಂಬ ಈ ಲೆಕ್ಕದಲ್ಲಿ ಬಾಡಿಗೆದಾರನಷ್ಟೇ.

ವಿಶೇಷವೆಂದರೆ ದಾರಿ ಅದೇ 47ನೇ ನಿಯಮದೊಳಗಿದೆ. ಟ್ರೇಲರಾದರೆ ಅದರ ವಿನ್ಯಾಸಕ್ಕೆ ರಾಜ್ಯ ಸಾರಿಗೆ ಪ್ರಾಧಿಕಾರ ಅಥವಾ ಸಾರಿಗೆ ಆಯುಕ್ತರು ನೀಡಿದ ಅನುಮೋದನೆಯ ಪ್ರತಿಯನ್ನೂ ಅದು ಕೇಳುತ್ತದೆ. ಅಂದರೆ ವಿನ್ಯಾಸ ಒಪ್ಪುವ ಅಧಿಕಾರ ರಾಜ್ಯದ ಕೈಯಲ್ಲೇ ಇದೆ. 750 ಕಿಲೊ ಮೀರದ ಟ್ರೇಲರಿಗೆ ಚಾಸಿ, ಕೊಂಡಿ, ಸುರಕ್ಷತಾ ಸರಪಳಿ, ದೀಪಗಳನ್ನು ನಿಗದಿಪಡಿಸಿದ ಒಂದು ಮಾದರಿ ನಕ್ಷೆಯನ್ನು ಸಾರಿಗೆ ಇಲಾಖೆ ಪ್ರಕಟಿಸಲಿ. ಅದರಂತೆ ಚಾಸಿ ಬೆಸೆದುಕೊಡುವ ವರ್ಕ್‌ಶಾಪಿಗೆ ಮಾರಾಟ ಪತ್ರ ನೀಡುವ ಹೊಣೆಯಿರಲಿ. ಮೇಲಿನ ಪ್ಲೈವುಡ್ ಕೋಣೆಯನ್ನು ಆರ್‌ಟಿಒ ನಿರೀಕ್ಷಕರು ತೂಕ ಹಾಕಿಸಿ ನೋಡಿದರಾಯಿತು.

ಆಮೇಲೆ ಉಳಿಯುವುದು ಜಾಗದ ಪ್ರಶ್ನೆ. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ಅಡ್ಡರಸ್ತೆಗಳಲ್ಲಿ ಇಂದು ಎರಡನೇ ಕಾರು ನಿಲ್ಲಿಸಲೇ ನೆರೆಯವರೊಡನೆ ಜಗಳ. ಕಾಂಪೌಂಡಿನೊಳಗೆ ಹನ್ನೆರಡು ಅಡಿ ಉದ್ದದ ಜಾಗ ಉಳಿಸಿಕೊಂಡ ಹಳೆಯ ಮನೆಗಳವರಷ್ಟೇ ಸದ್ಯಕ್ಕೆ ಈ ಹವ್ಯಾಸಕ್ಕೆ ಕೈಹಾಕಬಲ್ಲರು.