ಹಿತ್ತಿಲ ವಿಚಾರ: ಹಣ್ಣುನೊಣದ ಗುರುತು

ಕಳೆದ ತಿಂಗಳು ನಮ್ಮ ಹಿತ್ತಿಲಿನ ಸೀಬೆಯ ಹಣ್ಣೊಂದನ್ನು ಮಕ್ಕಳಿಗೆಂದು ಹೆಚ್ಚಿದಾಗ ಒಳಗೆಲ್ಲ ಬಿಳಿಯ ಹುಳುಗಳು ಹರಿದಾಡುತ್ತಿದ್ದುವು. ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಚುಕ್ಕೆಯ ಹೊರತು ಬೇರೆ ಕುರುಹಿರಲಿಲ್ಲ. ಗಿಡದ ಬುಡದಲ್ಲಿ ಕೊಳೆತ ಹಣ್ಣುಗಳಿಗೆ ಮುತ್ತಿದ್ದ ಸಣ್ಣ ನೊಣಗಳದೇ ಈ ಕೆಲಸವೆಂದು ನಾವು ಬಗೆದೆವು. ಅದು ತಪ್ಪೆಂದು ತರುವಾಯ ತಿಳಿಯಿತು. ಅದೇ ತಪ್ಪು ವಾಚಕರಿಗೆ ಆಗದಿರಲೆಂದು ಈ ನಾಲ್ಕು ಮಾತು.

ಎಳ್ಳುಕಾಳಿನಷ್ಟಿದ್ದು, ಕಣ್ಣು ಕೆಂಪಾಗಿರುವ ಆ ನೊಣವು ಡ್ರೊಸೊಫಿಲ. ಬಾಳೆಹಣ್ಣಿನ ಬುಟ್ಟಿಯ ಸುತ್ತ ಹಾರಾಡುವುದೂ ಇದೇ. ಇದು ಹುಳಿತುದನ್ನು ಅರಸಿ ಬರುವುದಲ್ಲದೆ ಗಟ್ಟಿಯಾದ ಸೀಬೆಕಾಯನ್ನು ಚುಚ್ಚಲಾರದು.

ಕಾಯನ್ನು ಕೆಡಿಸುವ ಹಣ್ಣುನೊಣವಾದರೋ ಮನೆನೊಣದಷ್ಟು ದೊಡ್ಡದು. ನೋಟಕ್ಕೆ ಕಣಜವನ್ನು ಹೋಲುವುದು. ಬೆನ್ನು ಕಪ್ಪು, ಅದರ ಇಕ್ಕೆಲದಲ್ಲಿ ಒಂದೊಂದು ಹಳದಿ ಗೆರೆ. ಹೊಟ್ಟೆಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದಂತಹ ಕಪ್ಪು ಗುರುತು. ತಿಳಿಯಾದ ರೆಕ್ಕೆಯ ಮುಂದಂಚಿನಲ್ಲಿ ಮಾತ್ರ ಸಪುರವಾದ ಕಪ್ಪು ಪಟ್ಟಿ. ಮಾವು, ಸೀಬೆಗಳಿಗೆ ಇದು ಶತ್ರು. ಹಾಗಲ, ಹೀರೆ, ಪಡುವಲಗಳನ್ನು ಹಾಳುಮಾಡುವುದು ಇದರ ದಾಯಾದಿ. ಅದರ ಮೈ ಕೆಂಗಂದು. ಬೆನ್ನ ಮೇಲೆ ಮೂರು ಹಳದಿ ಗೆರೆ. ರೆಕ್ಕೆಯಲ್ಲಿ ಅಗಲವಾದ ಕಂದು ಪಟ್ಟಿ. ಎರಡರಲ್ಲಿಯೂ ಹೊಟ್ಟೆಯ ತುದಿ ಚೂಪಾಗಿದ್ದರೆ ಹೆಣ್ಣೆಂದು ತಿಳಿಯಬೇಕು. ಅದು ಕುಟುಕುವ ಕೊಂಡಿಯಲ್ಲ. ಸಿಪ್ಪೆಯೊಳಗೆ ಮೊಟ್ಟೆಯಿಡುವ ಸಾಧನ.

ತುಳಸಿಯ ಮೇಲೆ ಮಾವಿನ ನೊಣವನ್ನು ಕಂಡು ಗಿಡಕ್ಕೆ ಕೇಡಾಯಿತೆಂದು ಗೃಹಿಣಿಯರು ಅಂಜಬೇಕಾಗಿಲ್ಲ. ಅದು ಗಂಡುನೊಣ, ಎಲೆಯಲ್ಲಿರುವ ಮೀಥೈಲ್ ಯೂಜಿನಾಲಿನ ವಾಸನೆಗೆ ಮರುಳಾಗಿ ಬಂದಿರುತ್ತದೆ. ಈ ವಸ್ತುವಿನ ಆಕರ್ಷಣೆಯನ್ನು ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರು 1915ರಲ್ಲಿ ಪ್ರಕಟಪಡಿಸಿದರು. ಇಂದಿನ ಮಾವಿನ ತೋಟಗಳ ಮೋಹಕ ಬಲೆಗಳಿಗೆ ಅದೇ ಆಧಾರ. ಹಾಗಲದ ನೊಣವು ಮಾತ್ರ ಇದಕ್ಕೆ ಒಲಿಯದು. ಅದಕ್ಕೆ ಕ್ಯೂ-ಲೂರ್ ಎಂಬ ಬೇರೊಂದು ವಸ್ತು ಬೇಕು. ಗುರುತರಿಯದೆ ಮಾವಿನ ಬಲೆಯನ್ನು ಹಾಗಲದ ಚಪ್ಪರಕ್ಕೆ ಕಟ್ಟಿದರೆ ಹಣವೂ ಹೋಗುವುದು, ಕಾಯಿಯೂ ಹೋಗುವುದು.

ಬಲೆಗೆ ಬೀಳುವುವು ಗಂಡುಗಳು ಮಾತ್ರ. ಆದುದರಿಂದ ಅದೊಂದನ್ನೇ ನಂಬಿ ಕುಳಿತಿರಲಾಗದು. ಹಣ್ಣಿನೊಳಗೆ ಬೆಳೆದ ಹುಳು ಹೊರಬಿದ್ದು, ಮಣ್ಣಿನಲ್ಲಿ ಕೋಶವಾಗಿ, ನೊಣವಾಗಿ ಏಳುತ್ತದೆ. ಉದುರಿದ ಹಣ್ಣನ್ನು ದಿನವೂ ಆಯ್ದು, ಕುದಿವ ನೀರಿಗೆ ಹಾಕಬೇಕು. ಇಲ್ಲವೆ ಎರಡಡಿ ಆಳದಲ್ಲಿ ಹೂಳಬೇಕು. ಗೊಬ್ಬರವಾಗಲೆಂದು ನಾವು ಅವನ್ನು ಗಿಡದ ಬುಡದಲ್ಲಿಯೇ ಬಿಟ್ಟಿದ್ದೆವು. ನಮ್ಮ ಸೀಬೆಯನ್ನು ಕೆಡಿಸಿದ ನೊಣಗಳನ್ನು ಹೀಗೆ ನಾವೇ ಸಾಕಿದಂತಾಗಿತ್ತು.